ಫೈಲ್ ಕಾಣೆಯಾಯಿತೇ? ಮೊದಲು ಕಂಪ್ಯೂಟರ್ ನಿಲ್ಲಿಸಿ

ಮೇ ತಿಂಗಳ ಸಂಜೆ ಗುಡುಗು ಶುರುವಾಯಿತೆಂದರೆ ಕೊಡಗಿನಲ್ಲಿ ಕರೆಂಟ್ ಯಾವ ಗಳಿಗೆಯಲ್ಲಾದರೂ ಹೋಗಬಹುದು. ತೋಟದ ಲೆಕ್ಕ ಬರೆಯುವ ರೈಟರ್ ಬಟವಾಡೆಗೆಂದು ಚೆಕ್‌ರೋಲ್ (ಕಾರ್ಮಿಕರ ಹಾಜರಿ, ಕೂಲಿಯ ಪಟ್ಟಿ) ತುಂಬುತ್ತಿರುವಾಗಲೇ ಪರದೆ ಕಪ್ಪಾಗುತ್ತದೆ. ಕರೆಂಟ್ ಬಂದ ಮೇಲೆ ನೋಡಿದರೆ ಎಕ್ಸೆಲ್ ಫೈಲ್ ತೆರೆಯುವುದಿಲ್ಲ. ಗೋಣಿಕೊಪ್ಪದ ಸ್ಟುಡಿಯೊದಲ್ಲಿ ಮದುವೆಯ ಮೆಮೊರಿ ಕಾರ್ಡ್ ಕಾಪಿ ಆಗಿದೆ ಎಂದುಕೊಂಡು ಫಾರ್ಮ್ಯಾಟ್ ಮಾಡಿರುತ್ತಾರೆ, ಕಾಪಿ ಆಗಿರುವುದಿಲ್ಲ. ಹೋಮ್‌ಸ್ಟೇ ನಡೆಸುವವರ ಹಾರ್ಡ್ ಡಿಸ್ಕ್ ಮಳೆಗಾಲದ ಒಂದು ಬೆಳಿಗ್ಗೆ ಟಕ್ ಟಕ್ ಎನ್ನತೊಡಗುತ್ತದೆ. ಮೂರೂ ಬೇರೆ ಬೇರೆ ತೊಂದರೆಗಳು, ಮದ್ದೂ ಬೇರೆ. ಮೂರಕ್ಕೂ ಮೊದಲ ಹೆಜ್ಜೆ ಮಾತ್ರ ಒಂದೇ. ಆ ಸಾಧನದ ಮೇಲೆ ಇನ್ನೇನನ್ನೂ ಬರೆಯದಂತೆ ತಕ್ಷಣ ನಿಲ್ಲಿಸಬೇಕು. ವಾಪಸ್ ಸಿಗಬಹುದಾಗಿದ್ದ ಎಷ್ಟೋ ಫೈಲ್‌ಗಳು ಹುಡುಕಾಟದ ಗಡಿಬಿಡಿಯಲ್ಲಿಯೇ ಶಾಶ್ವತವಾಗಿ ಹೋಗುತ್ತವೆ.

ಅಳಿಸಿದಾಗ ಒಳಗೆ ಆಗುವುದೇನು

ಪ್ರತಿ ಫೈಲಿನ ಹೆಸರು, ಗಾತ್ರ, ಅದು ಡಿಸ್ಕಿನ ಯಾವ ಯಾವ ಜಾಗದಲ್ಲಿ ಕುಳಿತಿದೆ ಎಂಬ ವಿವರ ಒಂದು ಪಟ್ಟಿಯಲ್ಲಿರುತ್ತದೆ. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿ ಇದರ ಹೆಸರು ಮಾಸ್ಟರ್ ಫೈಲ್ ಟೇಬಲ್. ಫೈಲ್ ಅಳಿಸಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿದಾಗ ಕಂಪ್ಯೂಟರ್ ಈ ಪಟ್ಟಿಯಲ್ಲಿ ‘ಈ ಜಾಗ ಖಾಲಿ’ ಎಂದು ಗುರುತು ಹಾಕುತ್ತದೆ, ಅಷ್ಟೇ. ಪಹಣಿಯಿಂದ ಹೆಸರು ತೆಗೆದ ಮಾತ್ರಕ್ಕೆ ತೋಟದ ಕಾಫಿ ಗಿಡಗಳು ಮಾಯವಾಗುವುದಿಲ್ಲವಲ್ಲ, ಹಾಗೆಯೇ ಫೈಲಿನ ಒಡಲೂ ಇದ್ದಲ್ಲಿಯೇ ಇರುತ್ತದೆ. ಹೊಸದೇನಾದರೂ ಬಂದು ಆ ಜಾಗದ ಮೇಲೆ ಕೂರುವವರೆಗೆ ಮಾತ್ರ. ಕುಳಿತ ಮೇಲೆ ಯಾವ ಸಾಫ್ಟ್‌ವೇರ್‌ನಿಂದಲೂ ಅದನ್ನು ತರಲಾಗದು.

ಸುಮ್ಮನೆ ಆನ್ ಆಗಿರುವ ಕಂಪ್ಯೂಟರ್ ಕೂಡ ಡಿಸ್ಕಿನ ಮೇಲೆ ಬರೆಯುತ್ತಲೇ ಇರುತ್ತದೆ. ಅಪ್‌ಡೇಟ್ ಇಳಿಯುತ್ತದೆ, ಬ್ರೌಸರ್ ತೆರೆದರೆ ಅದರ ತಾತ್ಕಾಲಿಕ ಫೈಲ್‌ಗಳು ಸೇರುತ್ತವೆ. ಸಿ ಡ್ರೈವ್‌ನಿಂದ ಫೈಲ್ ಹೋಗಿದ್ದರೆ ಅದೇ ಡ್ರೈವ್‌ಗೆ ರಿಕವರಿ ಸಾಫ್ಟ್‌ವೇರ್ ಇಳಿಸಿಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಹುಡುಕಬೇಕಾದ ಫೈಲಿನ ಮೇಲೆಯೇ ಹುಡುಕುವ ಸಾಧನ ಹೋಗಿ ಕೂರಬಹುದು.

ಫಾರ್ಮ್ಯಾಟ್ ವಿಷಯದಲ್ಲಿಯೂ ವ್ಯತ್ಯಾಸ ತಿಳಿದಿರಬೇಕು. ಕ್ವಿಕ್ ಫಾರ್ಮ್ಯಾಟ್ ಪಟ್ಟಿಯನ್ನಷ್ಟೇ ಹೊಸದಾಗಿ ಮಾಡುತ್ತದೆ, ಅದರ ನಂತರವೂ ಹಾರ್ಡ್ ಡಿಸ್ಕಿನಿಂದ ಬಹಳಷ್ಟು ಸಿಗುತ್ತದೆ. ‘ಕ್ವಿಕ್’ ಎಂಬ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ವಿಸ್ಟಾದಿಂದ ಈಚೆಗೆ ಇಡೀ ಡಿಸ್ಕಿನ ಮೇಲೆ ಸೊನ್ನೆಗಳನ್ನು ಬರೆಯಲಾಗುತ್ತದೆ. ಆಮೇಲೆ ಹುಡುಕಲು ಏನೂ ಉಳಿಯುವುದಿಲ್ಲ. ಆದ್ದರಿಂದ ಪೆನ್ ಡ್ರೈವ್ ಹಾಕಿದಾಗ ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂಬ ಸಂದೇಶ ಬಂದರೆ ರದ್ದು ಮಾಡಿ ಡ್ರೈವ್ ತೆಗೆದಿಡಿ.

ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯ ಕತೆಯೇ ಬೇರೆ. ಈಗಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಅದೇ. ಫೈಲ್ ಅಳಿಸಿದ ಕೂಡಲೇ ‘ಟ್ರಿಮ್’ ಎಂಬ ಆದೇಶದ ಮೂಲಕ ವಿಂಡೋಸ್ ಆ ಸುದ್ದಿಯನ್ನು ಎಸ್‌ಎಸ್‌ಡಿಗೆ ಮುಟ್ಟಿಸುತ್ತದೆ. ಎಸ್‌ಎಸ್‌ಡಿ ಬಿಡುವಾದಾಗ ಆ ಜಾಗವನ್ನು ತಾನೇ ಒರೆಸಿ ಹಾಕುತ್ತದೆ. 2009ರ ವಿಂಡೋಸ್ 7ರಿಂದ ಈ ವ್ಯವಸ್ಥೆ ಇದೆ. ಎಸ್‌ಎಸ್‌ಡಿಯಿಂದ ಅಳಿಸಿದ ಫೈಲಿನ ಆಸೆ ತೀರಾ ಕಡಿಮೆ ಎಂದು ನೇರವಾಗಿಯೇ ಹೇಳಬೇಕು. ಮೆಮೊರಿ ಕಾರ್ಡ್ ಮತ್ತು ಪೆನ್ ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಟ್ರಿಮ್ ನಡೆಯುವುದಿಲ್ಲ. ಹೀಗಾಗಿ ಫಾರ್ಮ್ಯಾಟ್ ಆದ ಕ್ಯಾಮೆರಾ ಕಾರ್ಡಿನಿಂದ ಮದುವೆಯ ಫೋಟೊಗಳು ಮರಳಿ ಸಿಗುವ ಸಾಧ್ಯತೆ ಹೊಸ ಲ್ಯಾಪ್‌ಟಾಪಿನಲ್ಲಿ ಅಳಿಸಿದ ಫೋಟೊಗಳಿಗಿಂತ ಎಷ್ಟೋ ಹೆಚ್ಚು.

ಹೆಜ್ಜೆ ಹೆಜ್ಜೆಯಾಗಿ

ಕ್ಯಾಮೆರಾ ಕಾರ್ಡ್ ಆದರೆ ಹೊರತೆಗೆಯಿರಿ. ದೊಡ್ಡ ಎಸ್‌ಡಿ ಕಾರ್ಡಿನ ಎಡ ಅಂಚಿನಲ್ಲಿ ಉಗುರಿನಿಂದ ಸರಿಸಬಹುದಾದ ಪುಟ್ಟ ಗುಂಡಿ ಇರುತ್ತದೆ. ಅದನ್ನು ‘ಲಾಕ್’ ಕಡೆಗೆ ಜಾರಿಸಿದರೆ ಕ್ಯಾಮೆರಾ ಅಥವಾ ಕಂಪ್ಯೂಟರ್ ಅದರ ಮೇಲೆ ಬರೆಯಲು ಹೋಗುವುದಿಲ್ಲ. ಕಂಪ್ಯೂಟರಿನ ಒಳಗಿನ ಡಿಸ್ಕ್ ಆದರೆ ಕಂಪ್ಯೂಟರನ್ನೇ ಬಂದ್ ಮಾಡಿ.

ಇನ್ನು ಮೊಬೈಲ್ ಕೈಗೆತ್ತಿಕೊಂಡು ಬೇರೆಲ್ಲಿ ಪ್ರತಿ ಇರಬಹುದೆಂದು ಯೋಚಿಸಿ. ಈ ಹೆಜ್ಜೆಯನ್ನು ಜನ ಹಾರಿಸಿಬಿಡುತ್ತಾರೆ, ಬಹಳ ಸಲ ಕೆಲಸ ಮುಗಿಯುವುದು ಇಲ್ಲಿಯೇ. ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿದ್ದ ಚಿತ್ರ ಅಳಿಸಿದ ಮೇಲೂ ಅದರ ಕಸದ ಬುಟ್ಟಿಯಲ್ಲಿ 60 ದಿನ ಇರುತ್ತದೆ, ಗೂಗಲ್ ಡ್ರೈವ್‌ನಲ್ಲಿ 30 ದಿನ. ಲೆಕ್ಕದ ಹಾಳೆಯನ್ನು ಆಡಿಟರ್‌ಗೆ ಇಮೇಲ್ ಮಾಡಿರಬಹುದು, ಆಹ್ವಾನ ಪತ್ರಿಕೆ ಮಡಿಕೇರಿಯ ಮುದ್ರಣಾಲಯದಲ್ಲಿ ಇರಬಹುದು, ಪುತ್ತರಿ ಹಬ್ಬದ ಚಿತ್ರಗಳು ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಇನ್ನೊಬ್ಬರ ಮೊಬೈಲಿನಲ್ಲಿ ಉಳಿದಿರಬಹುದು. ಕರೆಂಟ್ ಹೋಗಿ ಉಳಿಸದೆ ಮುಚ್ಚಿಹೋದ ಎಕ್ಸೆಲ್ ಆದರೆ, ಕಂಪ್ಯೂಟರ್ ಆನ್ ಮಾಡಿ ಎಕ್ಸೆಲ್‌ನ ಫೈಲ್ ಮೆನುವಿನಲ್ಲಿ ‘ಇನ್ಫೋ’ ಒಳಗೆ ‘ಮ್ಯಾನೇಜ್ ವರ್ಕ್‌ಬುಕ್’ ಒತ್ತಿ. ಉಳಿಸದ ಹಾಳೆಗಳನ್ನು ತೋರಿಸುವ ಆಯ್ಕೆ ಅಲ್ಲಿದೆ. ಎಕ್ಸೆಲ್ ತಾನಾಗಿಯೇ 10 ನಿಮಿಷಕ್ಕೊಮ್ಮೆ ಇಂಥ ಪ್ರತಿ ಉಳಿಸುತ್ತದೆ. ಮಳೆಗಾಲಕ್ಕೆ ಅದನ್ನು 1 ಅಥವಾ 2 ನಿಮಿಷಕ್ಕೆ ಇಳಿಸಿಕೊಳ್ಳುವುದು ಒಳ್ಳೆಯದು.

ಎಲ್ಲಿಯೂ ಪ್ರತಿ ಇಲ್ಲವೆಂದಾದರೆ ಸಾಧನದ ಆರೋಗ್ಯ ನೋಡಿ. ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ, ಕೆರೆಯುವ ಸದ್ದು ಬಂದರೆ, ಕಂಪ್ಯೂಟರಿಗೆ ಕಾಣಿಸಿಯೂ ಕಾಣಿಸದಂತಿದ್ದರೆ ಇಲ್ಲಿಗೆ ನಿಲ್ಲಿಸಿ. ಅದರೊಳಗೆ ತಿರುಗುವ ತಟ್ಟೆಗೂ ಓದುವ ಮುಳ್ಳಿಗೂ ನಡುವಿನ ಅಂತರ ಕೆಲವೇ ನ್ಯಾನೊಮೀಟರ್. ಮುಳ್ಳು ತಟ್ಟೆಗೆ ತಾಗುತ್ತಿರುವಾಗ ಮತ್ತೆ ಮತ್ತೆ ಆನ್ ಮಾಡಿದರೆ ಪ್ರತಿ ಸುತ್ತಿಗೂ ಮಾಹಿತಿ ಕೆರೆದುಹೋಗುತ್ತದೆ. ಫ್ರಿಜ್‌ನಲ್ಲಿ ಇಡುವ ಹಳೆಯ ಸಲಹೆಯನ್ನು ದಯವಿಟ್ಟು ಕೇಳಬೇಡಿ. ನಮ್ಮ ತೇವದ ಗಾಳಿಯಲ್ಲಿ ಅದನ್ನು ಹೊರತೆಗೆದ ತಕ್ಷಣ ನೀರು ಕಟ್ಟಿಕೊಳ್ಳುತ್ತದೆ. ಮುಚ್ಚಳ ಬಿಚ್ಚುವುದೂ ಬೇಡ. ವಿಂಡೋಸ್ ಸೂಚಿಸುವ ‘ಚೆಕ್ ಡಿಸ್ಕ್’ ಕೂಡ ಸಾಯುತ್ತಿರುವ ಡಿಸ್ಕಿಗೆ ತಕ್ಕದ್ದಲ್ಲ, ಅದು ಪಟ್ಟಿಯನ್ನು ತಿದ್ದುತ್ತಾ ಹೋಗಿ ಉಳಿದಿದ್ದನ್ನೂ ಕೆಡಿಸಬಹುದು.

ಡಿಸ್ಕ್ ಸದ್ದಿಲ್ಲದೆ ತಿರುಗುತ್ತಿದೆ, ಆದರೆ ನಂಬಿಕೆ ಬರುತ್ತಿಲ್ಲ ಎನ್ನುವಂತಿದ್ದರೆ ಮೊದಲು ಇಡೀ ಡಿಸ್ಕಿನ ಪಡಿಯಚ್ಚು ತೆಗೆದು, ಹುಡುಕಾಟವನ್ನೆಲ್ಲ ಆ ಅಚ್ಚಿನ ಮೇಲೆ ಮಾಡಬೇಕು. ಲಿನಕ್ಸ್‌ನಲ್ಲಿ ಸಿಗುವ ಉಚಿತ ‘ಡಿಡಿ ರೆಸ್ಕ್ಯೂ’ ಇದಕ್ಕೆ ಹೇಳಿ ಮಾಡಿಸಿದ್ದು. ಸುಲಭವಾಗಿ ಓದಲು ಬರುವ ಭಾಗಗಳನ್ನು ಅದು ಮೊದಲು ಎತ್ತಿಕೊಳ್ಳುತ್ತದೆ, ಕೆಟ್ಟ ಭಾಗಗಳಿಗೆ ಆಮೇಲೆ ಮರಳುತ್ತದೆ. ಎಲ್ಲಿಯವರೆಗೆ ಬಂತೆಂಬುದನ್ನು ಬೇರೊಂದು ಫೈಲಿನಲ್ಲಿ ಬರೆದಿಡುವಂತೆ ಹೇಳಿದ್ದರೆ, ನಡುವೆ ಕರೆಂಟ್ ಹೋದರೂ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಸೋಮವಾರಪೇಟೆಯ ಜುಲೈ ತಿಂಗಳಿಗೆ ಇದಕ್ಕಿಂತ ಒಳ್ಳೆಯ ಗುಣ ಬೇಕೇ?

ಈಗ ಹುಡುಕುವ ಸಾಫ್ಟ್‌ವೇರ್. ಉಚಿತವಾದವುಗಳಲ್ಲಿ ನಾನು ಮೊದಲು ಹೆಸರಿಸುವುದು ‘ಫೋಟೊರೆಕ್’ ಮತ್ತು ಅದರ ಜೊತೆಗೇ ಬರುವ ‘ಟೆಸ್ಟ್‌ಡಿಸ್ಕ್’. ಕಳೆದುಹೋದ ಪಾರ್ಟಿಷನ್ (ಡಿಸ್ಕಿನ ವಿಭಾಗ) ಮರಳಿಸಲು ಟೆಸ್ಟ್‌ಡಿಸ್ಕ್. ಫೋಟೊರೆಕ್ ಫೈಲ್‌ಗಳ ಪಟ್ಟಿಯನ್ನು ನಂಬುವುದೇ ಇಲ್ಲ. ಜೆಪೆಗ್ ಚಿತ್ರವೊಂದು ಯಾವಾಗಲೂ ನಿಗದಿತ ಬೈಟ್‌ಗಳಿಂದಲೇ ಆರಂಭವಾಗುತ್ತದೆ. ಅಂಥ ಗುರುತುಗಳನ್ನು ಡಿಸ್ಕಿನ ಉದ್ದಕ್ಕೂ ಹುಡುಕಿ ಫೈಲ್‌ಗಳನ್ನು ಎತ್ತುತ್ತದೆ. ಹೀಗಾಗಿ ಮೂಲ ಹೆಸರುಗಳು ಹೋಗಿ ಎಲ್ಲಕ್ಕೂ ಬರಿಯ ಸಂಖ್ಯೆಗಳಿರುತ್ತವೆ. ತುಂಡು ತುಂಡಾಗಿ ಕುಳಿತಿದ್ದ ದೊಡ್ಡ ವಿಡಿಯೊಗಳು ಅರ್ಧಂಬರ್ಧ ಬರುವುದೂ ಉಂಟು. ಬಳಕೆಗೆ ಸುಲಭ ಬೇಕಾದರೆ ‘ರೆಕುವಾ’ ಇದೆ. ಮೈಕ್ರೋಸಾಫ್ಟ್ 2020ರಲ್ಲಿ ‘ವಿಂಡೋಸ್ ಫೈಲ್ ರಿಕವರಿ’ ಹೊರತಂದಿತು, ಆದರೆ ಅದರಲ್ಲಿ ಆದೇಶಗಳನ್ನು ಟೈಪ್ ಮಾಡಬೇಕು. ಯಾವುದನ್ನೇ ಬಳಸಿದರೂ ಸಿಕ್ಕ ಫೈಲ್‌ಗಳನ್ನು ಬೇರೆ ಡ್ರೈವ್‌ಗೆ ಉಳಿಸಬೇಕು. ಹಣ ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಆದರೆ ಉಚಿತ ಆವೃತ್ತಿಯಲ್ಲಿ ಫೈಲ್‌ಗಳ ಮುನ್ನೋಟ ನೋಡಿ, ಚಿತ್ರ ನಿಜವಾಗಿ ತೆರೆದರೆ ಮಾತ್ರ ದುಡ್ಡು ಕೊಡಿ. ‘ಕ್ರ್ಯಾಕ್’ ಮಾಡಿದ ಪ್ರತಿಗಳಿಂದ ದೂರವಿರಿ. ಅವುಗಳ ಜೊತೆಗೇ ವೈರಸ್ ಬರುತ್ತದೆ. ಫೈಲ್‌ಗಳಿಗೆ ಬೀಗ ಜಡಿದು ಹಣ ಕೇಳುವ ರಾನ್ಸಮ್‌ವೇರ್ ಹೊಕ್ಕರಂತೂ ಎರಡು ಕಷ್ಟ. ಅದರ ಕೆಲವು ಬಗೆಗಳಿಗೆ ಯುರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್, ಡಚ್ ಪೊಲೀಸರು ಮತ್ತು ಭದ್ರತಾ ಕಂಪನಿಗಳು 2016ರಲ್ಲಿ ಆರಂಭಿಸಿದ ‘ನೋ ಮೋರ್ ರಾನ್ಸಮ್’ ತಾಣದಲ್ಲಿ ಉಚಿತ ಕೀಲಿಗಳಿವೆ.

ಕನ್ನಡದ ಹಳೆಯ ಫೈಲ್‌ಗಳನ್ನು ಮರಳಿ ಪಡೆದವರಿಗೆ ಒಂದು ವಿಶೇಷ ಮಾತು. ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ತುಂಬಿಕೊಂಡಿದ್ದರೆ ಫೈಲ್ ಹಾಳಾಗಿದೆ ಎಂದು ಅಳಿಸಿಬಿಡಬೇಡಿ. ಯುನಿಕೋಡ್ ಬಳಕೆ ಹಬ್ಬುವ ಮೊದಲು ನಾವೆಲ್ಲ ಟೈಪ್ ಮಾಡುತ್ತಿದ್ದುದು ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಇಲ್ಲವೇ ‘ಬರಹ’ದಲ್ಲಿ. ಅವುಗಳ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಪಠ್ಯ ಹೀಗೆ ಕಾಣುತ್ತದೆ. ಫಾಂಟ್ ಹಾಕಿಕೊಂಡರೆ ಅಥವಾ ಯುನಿಕೋಡ್‌ಗೆ ಪರಿವರ್ತಿಸಿದರೆ ಅಕ್ಷರಗಳು ಮರಳುತ್ತವೆ. ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆ) ವಂಶಾವಳಿಯನ್ನೋ ಊರಿನ ದೇವಸ್ಥಾನದ ಲೆಕ್ಕವನ್ನೋ ಯಾರೋ ಹಿರಿಯರು ಕೂತು ಟೈಪ್ ಮಾಡಿಸಿದ್ದು ಇಂಥ ಫೈಲ್‌ಗಳಲ್ಲಿಯೇ. ಇವುಗಳೊಳಗೆ ಕನ್ನಡ ಪದ ಕೊಟ್ಟು ಹುಡುಕಿದರೆ ಏನೂ ಸಿಗುವುದಿಲ್ಲ ಎಂಬುದೂ ನೆನಪಿರಲಿ. ಒಂದೊಂದನ್ನೇ ತೆರೆದು ನೋಡಬೇಕು.

ನೀರು ಮತ್ತು ಸಿಡಿಲು

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿ ಮನೆಗಳೇ ಮಣ್ಣಿನಡಿ ಸೇರಿದ್ದನ್ನು ನಾವು ಕಂಡಿದ್ದೇವೆ. ನೀರು, ಕೆಸರಿನಿಂದ ತೆಗೆದ ಹಾರ್ಡ್ ಡಿಸ್ಕನ್ನು ಒಲೆಯ ಮೇಲೋ ಹೇರ್ ಡ್ರೈಯರ್‌ನಿಂದಲೋ ಒಣಗಿಸಬಾರದು, ಅಕ್ಕಿಯಲ್ಲಿ ಹುಗಿಯಬಾರದು, ಆನ್ ಮಾಡಿ ನೋಡಲೇಬಾರದು. ಒಣಗಿದ ಕೆಸರು ತಟ್ಟೆಗೆ ಅಂಟಿ ಕೂರುತ್ತದೆ. ಒದ್ದೆ ಬಟ್ಟೆಯ ಜೊತೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಆದಷ್ಟು ಬೇಗ ತಜ್ಞರ ಕೈಗೆ ಮುಟ್ಟಿಸಿ. ಮೆಮೊರಿ ಕಾರ್ಡಿನಲ್ಲಿ ತಿರುಗುವ ಭಾಗಗಳಿಲ್ಲ. ಶುದ್ಧ ನೀರಿನಲ್ಲಿ ಕೆಸರು ತೊಳೆದು, ಕೆಲವು ದಿನ ನೆರಳಲ್ಲಿ ಪೂರ್ತಿ ಒಣಗಿಸಿದರೆ ಅದು ಉಳಿಯುವ ಸಾಧ್ಯತೆ ಚೆನ್ನಾಗಿದೆ.

ಸಿಡಿಲಿಗೆ ಸುಟ್ಟ ಡಿಸ್ಕಿನಲ್ಲಿ ಹೆಚ್ಚಾಗಿ ಹಾಳಾಗುವುದು ಹೊರಗಿನ ಸರ್ಕ್ಯೂಟ್ ಹಲಗೆ, ಒಳಗಿನ ಮಾಹಿತಿ ಅಲ್ಲ. ಹಾಗೆಂದು ಅದೇ ಮಾದರಿಯ ಇನ್ನೊಂದು ಡಿಸ್ಕಿನ ಹಲಗೆ ತಂದು ಕೂರಿಸಿದರೆ ಈಗಿನ ಡಿಸ್ಕ್‌ಗಳು ನಡೆಯುವುದಿಲ್ಲ. ಪ್ರತಿ ಡಿಸ್ಕಿನ ಸ್ವಂತ ಹೊಂದಾಣಿಕೆಗಳು ಹಲಗೆಯ ಮೇಲಿನ ಒಂದು ಚಿಪ್‌ನಲ್ಲಿರುತ್ತವೆ, ಅದನ್ನೂ ವರ್ಗಾಯಿಸಬೇಕು. ಗುಡುಗು ಕೇಳಿದೊಡನೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ. ಇಂಟರ್‌ನೆಟ್ ತಂತಿಯನ್ನೂ ಬಿಚ್ಚಿಡಿ, ತಾಮ್ರದ ತಂತಿಯಾದರೆ ಸಿಡಿಲು ಆ ದಾರಿಯಲ್ಲಿಯೂ ಬರುತ್ತದೆ.

ತಜ್ಞರ ಬಳಿ ಹೋಗುವ ಮುನ್ನ

ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಕಂಪ್ಯೂಟರ್ ಅಂಗಡಿಗಳು ಸಾಫ್ಟ್‌ವೇರ್‌ನಿಂದ ಆಗುವ ಕೆಲಸ ಮಾಡಿಕೊಡಬಲ್ಲವು. ಡಿಸ್ಕಿನ ಹೊಟ್ಟೆ ಬಿಚ್ಚಬೇಕಾದರೆ ಧೂಳಿಲ್ಲದ ವಿಶೇಷ ಕೋಣೆ ಬೇಕು, ಅದಕ್ಕೆ ಬೆಂಗಳೂರಿನಂಥ ಊರಿಗೇ ಹೋಗಬೇಕು. ಒಪ್ಪಿಸುವ ಮುನ್ನ ಕೇಳಿ: ಪರೀಕ್ಷೆಗೆ ಎಷ್ಟು? ಫೈಲ್ ಸಿಗದಿದ್ದರೂ ಹಣ ಕೊಡಬೇಕೇ? ಪೂರ್ತಿ ಹಣ ಕಟ್ಟುವ ಮೊದಲು ಸಿಕ್ಕ ಫೈಲ್‌ಗಳ ಪಟ್ಟಿ ತೋರಿಸುತ್ತೀರಾ? ಕೆಲಸವನ್ನು ಪ್ರತಿಯ ಮೇಲೆ ಮಾಡುತ್ತೀರಾ? ಸರಿಯಾದ ಉತ್ತರ ಕೊಡದವರಿಗೆ ಡಿಸ್ಕ್ ಕೊಡಬೇಡಿ. ಹೊಸ ಲ್ಯಾಪ್‌ಟಾಪ್ ಆದರೆ, ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆಯಾದ ಬಿಟ್‌ಲಾಕರ್‌ನ 48 ಅಂಕಿಗಳ ಕೀಲಿಯನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ಬರೆದುಕೊಂಡು ಹೋಗಿ. ಆ ಕೀಲಿ ಇಲ್ಲದೆ ಎಂಥ ತಜ್ಞರಿಗೂ ಒಳಗಿನದು ಓದಲು ಬರುವುದಿಲ್ಲ.

ಮುಂದಿನ ಮಳೆಗೆ ಮೊದಲು

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಬ್ಯಾಕಪ್ ಬಗ್ಗೆ ಎಲ್ಲೆಡೆ ಹೇಳುವ ಈ ನಿಯಮದ ಕೊನೆಯ ಭಾಗ ಕೊಡಗಿಗೆ ಎಲ್ಲಕ್ಕಿಂತ ಮುಖ್ಯ. ಕಂಪ್ಯೂಟರ್ ಇರುವ ಕೋಣೆಯ ಕಪಾಟಿನಲ್ಲಿಯೇ ಡ್ರೈವ್ ಇಟ್ಟರೆ ಮನೆಗೆ ಆದದ್ದು ಅದಕ್ಕೂ ಆಗುತ್ತದೆ. ರೊಬಸ್ಟಾ ಕುಯ್ಲು ಮುಗಿದು ಲೆಕ್ಕ ಕೂಡಿಸಿದ ಮೇಲೆ, ಮಳೆ ಹಿಡಿಯುವ ಮೊದಲು, ಒಂದು ಡ್ರೈವ್ ಮೈಸೂರಿನಲ್ಲಿ ಓದುವ ಮಗಳ ಬಳಿಗೋ ನೆಂಟರ ಮನೆಗೋ ಹೋಗಲಿ. ತೋಟದ ನಿಧಾನ ಇಂಟರ್‌ನೆಟ್‌ನಲ್ಲಿ ಸಾವಿರಾರು ಫೋಟೊ ಏರಿಸುವುದು ಕಷ್ಟ. ಚೆಕ್‌ರೋಲ್, ತೆರಿಗೆ ಮತ್ತು ಜಾಗದ ಕಾಗದಗಳನ್ನಾದರೂ ಆನ್‌ಲೈನ್‌ನಲ್ಲಿ ಇಡಿ. ಎರಡೂ ಕಡೆಯ ಫೈಲ್‌ಗಳನ್ನು ಸದಾ ಒಂದೇ ತೆರನಾಗಿಡುವ ‘ಸಿಂಕ್’ ಅನ್ನೇ ಬ್ಯಾಕಪ್ ಎಂದು ನಂಬಬೇಡಿ, ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ.

ಮನೆಯಲ್ಲಿ ಉಳಿಯುವ ಡ್ರೈವನ್ನು ಕಂಪ್ಯೂಟರಿನಿಂದ ಬಿಚ್ಚಿ, ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಮೇಲೆ ತಾರೀಖು ಬರೆಯಿರಿ. ಆರು ತಿಂಗಳಿಗೊಮ್ಮೆ ಅದನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ಅಲ್ಲಲ್ಲಿ ಕೆಲವು ಫೈಲ್‌ಗಳನ್ನು ಆರಿಸಿ ನಿಜವಾಗಿಯೂ ತೆರೆದು ನೋಡಿ. ಒಂದೇ ಒಂದು ತೆರೆಯದಿದ್ದರೂ ಅಂದೇ ಹೊಸ ಡ್ರೈವ್ ಕೊಂಡು ಎಲ್ಲವನ್ನೂ ಅದಕ್ಕೆ ಸಾಗಿಸಿ.