ನನ್ನ ದವಡೆಗೆ ನಾನೇ ಮಾಡಿಸಿಕೊಂಡ ಚಿಕಿತ್ಸೆ

ಅಕ್ಕನ ಮಗಳ ಮದುವೆ ಆಲ್ಬಂ ಬಂದ ದಿನ ಅಮ್ಮ ಒಂದು ಫೋಟೋ ಮೇಲೆ ಬೆರಳಿಟ್ಟು, "ಮುಖ ಯಾಕೆ ಇಷ್ಟು ಅಗಲ ಆಗಿದೆಯೇ? ದಪ್ಪ ಆಗ್ತಿದೀಯ ನೋಡು" ಅಂದರು. ತೂಕ ನೋಡಿಕೊಂಡೆ. 58 ಕೆ.ಜಿ., ಮೂರು ವರ್ಷದಿಂದ ಇದ್ದಷ್ಟೇ. ಆದರೆ ಅಮ್ಮ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕಿವಿಯ ಕೆಳಗೆ ಎರಡೂ ಕಡೆ ದವಡೆ ಚೌಕವಾಗಿ ಕಾಣುತ್ತಿತ್ತು, ಬಲಗಡೆ ಸ್ವಲ್ಪ ಜಾಸ್ತಿ.

ನಾನು ಶಿವಮೊಗ್ಗದಲ್ಲಿ ಚರ್ಮದ ಡಾಕ್ಟರ್. ಕ್ಲಿನಿಕ್ ಶುರು ಮಾಡಿ 16 ವರ್ಷ ಆಯಿತು. ಮೊದಲೆಲ್ಲ ಮೊಡವೆ, ಬಂಗು, ಹುಳುಕಡ್ಡಿ, ಕೂದಲು ಉದುರುವುದು, ಇಂಥದ್ದಕ್ಕೇ ಜನ ಬರುತ್ತಿದ್ದರು. ಈಗ ಫೋನಿನಲ್ಲಿ ಯಾರದೋ ಫೋಟೋ ತೋರಿಸಿ "ಮೇಡಂ, ನನಗೂ ಇಂಥ ಜಾಲೈನ್ ಬೇಕು" ಅಂತ ದವಡೆಯ ಗೆರೆ ಕೇಳುವವರೂ ಇದ್ದಾರೆ. ಅವರಿಗೆ ಉತ್ತರ ಹೇಳುವ ನಾನೇ ನನ್ನ ಮುಖದ ವಿಷಯದಲ್ಲಿ ಮೊದಲ ಹೆಜ್ಜೆ ತಪ್ಪು ಇಟ್ಟೆ. ಅದನ್ನೇ ಮೊದಲು ಹೇಳುತ್ತೇನೆ.

ಆಗ ಜೋತು ಬಿದ್ದ ಚರ್ಮ ಬಿಗಿ ಮಾಡುವ ಹೈಫು ಮಷಿನ್ ಕೊಳ್ಳುವ ಯೋಚನೆಯಲ್ಲಿದ್ದೆ. ಡೆಮೋ ತೋರಿಸಲು ಬಂದಾಗ ನಾನೇ ಮಲಗಿದೆ. ಕಿವಿಗೆ ಕೇಳದ ಶ್ರವಣಾತೀತ ತರಂಗಗಳನ್ನು ಚರ್ಮದ ಒಳಗೆ 3 ಮಿ.ಮೀ., 4.5 ಮಿ.ಮೀ. ಆಳದಲ್ಲಿ ಒಂದೊಂದು ಚುಕ್ಕೆಯಾಗಿ ಕೂಡಿಸಿ ಬಿಸಿ ಮಾಡುವುದು ಅದರ ಕೆಲಸ. ಆ ಬಿಸಿಗೆ ಒಳಗಿನ ಪದರ ಬಿಗಿಯುತ್ತದೆ, ಎರಡು ಮೂರು ತಿಂಗಳಲ್ಲಿ ಚರ್ಮಕ್ಕೆ ಬಿಗಿ ಕೊಡುವ ಕೊಲಾಜನ್ ಹೊಸದಾಗಿ ಹುಟ್ಟುತ್ತದೆ. ದವಡೆಯ ಮೂಳೆ ಮೇಲೆ ಬಂದಾಗಲೆಲ್ಲ ಹಲ್ಲಿನ ಬೇರಿಗೆ ಸೂಜಿ ಚುಚ್ಚಿದ ಹಾಗೆ ನೋವು. ತಡೆದುಕೊಂಡೆ. ಮೂರು ತಿಂಗಳು ಕಾದು, ಅದೇ ಕಿಟಕಿ ಪಕ್ಕ, ಅದೇ ಬೆಳಕಿನಲ್ಲಿ ಫೋಟೋ ತೆಗೆದು ಹೋಲಿಸಿದೆ. ಏನೂ ಬದಲಾಗಿರಲಿಲ್ಲ. ಮಷಿನ್‌ನ ತಪ್ಪಲ್ಲ ಅದು. ನನ್ನ ಚರ್ಮ ಜೋತು ಬಿದ್ದಿರಲೇ ಇಲ್ಲ. ಇಲ್ಲದ ತೊಂದರೆಗೆ ಔಷಧಿ ಮಾಡಿಸಿಕೊಂಡಿದ್ದೆ.

ಉತ್ತರ ಸಿಕ್ಕಿದ್ದು ಹಲ್ಲಿನ ಡಾಕ್ಟರ್ ಹತ್ತಿರ. ಹುಳುಕು ಹಲ್ಲು ತುಂಬಿಸಲು ಹೋಗಿದ್ದೆ. ಅವರು ಕನ್ನಡಿ ಕೈಗೆ ಕೊಟ್ಟು, "ಮೇಡಂ, ಕೆಳಗಿನ ಮುಂದಿನ ಹಲ್ಲಿನ ಅಂಚು ನೋಡಿ, ಅರ ಹಾಕಿ ಉಜ್ಜಿದ ಹಾಗಿದೆ. ರಾತ್ರಿ ಹಲ್ಲು ಕಡೀತೀರಾ?" ಅಂತ ಕೇಳಿದರು. ಮನೆಗೆ ಬಂದು ಯಜಮಾನರನ್ನು ಕೇಳಿದೆ. "ಎಷ್ಟೋ ವರ್ಷದಿಂದ ಇದೆಯಲ್ಲ, ಒರಳಲ್ಲಿ ರುಬ್ಬಿದ ಹಾಗೆ ಸದ್ದು. ನಿನಗೆ ಗೊತ್ತು ಅಂದ್ಕೊಂಡಿದ್ದೆ" ಅಂದರು.

ಆ ರಾತ್ರಿ ಕನ್ನಡಿ ಮುಂದೆ ನಿಂತು, ದವಡೆಯ ಮೂಲೆಯಲ್ಲಿ ಎರಡು ಬೆರಳಿಟ್ಟು ಹಲ್ಲು ಗಟ್ಟಿಯಾಗಿ ಕಚ್ಚಿದೆ. ಬೆರಳಿನ ಕೆಳಗೆ ನಿಂಬೆಕಾಯಿಯಷ್ಟು ಗಟ್ಟಿ ಗಡ್ಡೆ ಎದ್ದು ಬಂತು. ಸಡಿಲ ಬಿಟ್ಟೆ, ಮಾಯವಾಯಿತು. ಅದು ಮಾಸೆಟರ್, ಅಗಿಯುವ ಸ್ನಾಯು. ಜಿಮ್‌ನಲ್ಲಿ ತೋಳು ಬೆಳೆದ ಹಾಗೆ ರಾತ್ರಿಯಿಡೀ ಕಡಿದು ಕಡಿದು ಬೆಳೆದಿತ್ತು. ಹತ್ತು ಸೆಕೆಂಡಿನ ಪರೀಕ್ಷೆ ಇದು. ಹೈಫುಗೆ ಮಲಗುವ ಮುಂಚೆ ನಾನು ಮಾಡಬೇಕಿತ್ತು.

ದವಡೆಯ ಗೆರೆ ಮಸುಕಾಗಲು ನಾಲ್ಕು ಕಡೆ ಕಾರಣ ಇರಬಹುದು. ಮೂಳೆ ಚಿಕ್ಕದಿರಬಹುದು, ಗದ್ದ ಹಿಂದಕ್ಕೆ ಸರಿದಿರಬಹುದು. ಸ್ನಾಯು ದಪ್ಪ ಇರಬಹುದು. ಗದ್ದದ ಕೆಳಗೆ ಕೊಬ್ಬು ಕೂತಿರಬಹುದು. ಚರ್ಮ ಸಡಿಲವಾಗಿರಬಹುದು. ಒಂದಕ್ಕೆ ಮಾಡುವ ಚಿಕಿತ್ಸೆ ಇನ್ನೊಂದಕ್ಕೆ ಕೆಲಸಕ್ಕೆ ಬಾರದು. ಕೆಲವು ಸಲ ಇದ್ದದ್ದೂ ಕೆಡುತ್ತದೆ. ಜೊಲ್ಲು ಗ್ರಂಥಿ ಊದಿಕೊಂಡರೂ ದವಡೆ ತುಂಬಿದ ಹಾಗೆ ಕಾಣುತ್ತದೆ, ಅದನ್ನು ಕೊಬ್ಬು ಅಂದುಕೊಂಡು ಕರಗಿಸಲು ಹೊರಟರೆ ಅನಾಹುತ.

ಇನ್ನು ನಮ್ಮ ಕಡೆ ಅಡಿಕೆ. ಅದನ್ನು ಬಿಟ್ಟು ದವಡೆಯ ಮಾತೇ ಇಲ್ಲ. ದಿನವಿಡೀ ಅಡಿಕೆ, ಗುಟ್ಕಾ ಅಗಿಯುವವರ ಮಾಸೆಟರ್ ಬೆಳೆದಿರುತ್ತದೆ. ಹೋದ ವರ್ಷ 28ರ ಹುಡುಗನೊಬ್ಬ ಮುಖ ತೆಳ್ಳಗೆ ಮಾಡಿಕೊಡಿ ಅಂತ ಬಂದ. ಬಾಯಿ ತೆಗೆಸಿ, ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ಮಧ್ಯೆ ಇಡಲು ಹೇಳಿದೆ. ಎರಡು ಬೆರಳೂ ಸರಿಯಾಗಿ ಹಿಡಿಸಲಿಲ್ಲ. ಕೆನ್ನೆಯ ಒಳಗೆ ಬಿಳಿಚಿಕೊಂಡು ಹುರಿ ಎಳೆದ ಹಾಗೆ ಗಟ್ಟಿ ಪಟ್ಟಿಗಳು. ಅಡಿಕೆಯಿಂದ ಬರುವ ಫೈಬ್ರೋಸಿಸ್ ಅದು, ಬಾಯೊಳಗಿನ ಪದರ ಗಟ್ಟಿಯಾಗುವ ಕಾಯಿಲೆ, ಮುಂದೆ ಬಾಯಿ ಕ್ಯಾನ್ಸರ್‌ಗೆ ತಿರುಗಬಹುದು. ಇಂಜೆಕ್ಷನ್ ಮಾತು ಅಲ್ಲಿಗೇ ಬಿಟ್ಟು ದಂತ ಆಸ್ಪತ್ರೆಗೆ ಕಳಿಸಿದೆ. ಅವನ ಬಗ್ಗೆ ಈಗಲೂ ಯೋಚನೆ ಬರುತ್ತದೆ. ಅಂದಿನಿಂದ ದವಡೆಗೆ ಅಂತ ಯಾರೇ ಬರಲಿ, ಮೂರು ಬೆರಳಿನ ಪರೀಕ್ಷೆ ಮಾಡದೆ ಬಿಡುವುದಿಲ್ಲ.

ನನ್ನ ವಿಷಯಕ್ಕೆ ಬರುತ್ತೇನೆ. ಮೊದಲು ರಾತ್ರಿ ಹಾಕಿಕೊಳ್ಳುವ ಗಾರ್ಡ್ ಮಾಡಿಸಿದೆ. ಅದು ಹಲ್ಲನ್ನು ಕಾಯುತ್ತದೆ, ಸ್ನಾಯುವನ್ನು ಸಣ್ಣ ಮಾಡುವುದಿಲ್ಲ. ಆಮೇಲೆ ಬೊಟುಲಿನಂ ಟಾಕ್ಸಿನ್, ಜನ ಬೊಟಾಕ್ಸ್ ಅನ್ನುವುದು, ಹಾಕಿಸಿಕೊಳ್ಳಲು ತೀರ್ಮಾನ ಮಾಡಿದೆ. ಇದನ್ನು ಮೊದಲು ಬಳಸಿದ್ದು ಮಾಲುಗಣ್ಣಿಗೆ, ಕಣ್ಣಿನ ರೆಪ್ಪೆ ಸೆಳೆತಕ್ಕೆ. ಕೆನಡಾದ ಕಣ್ಣಿನ ವೈದ್ಯೆ ಜೀನ್ ಕ್ಯಾರುಥರ್ಸ್ ರೆಪ್ಪೆ ಸೆಳೆತಕ್ಕೆ ಕೊಡುವಾಗ ಹುಬ್ಬಿನ ನಡುವಿನ ಗೆರೆ ಹೋಗಿದ್ದನ್ನು ಗಮನಿಸಿದರು. ಅವರ ಪತಿ ಚರ್ಮದ ವೈದ್ಯರು. ಇಬ್ಬರೂ ಸೇರಿ 1992ರಲ್ಲಿ ಅದನ್ನು ಪ್ರಕಟಿಸಿದರು. ಅಮೆರಿಕದಲ್ಲಿ ಹುಬ್ಬಿನ ಗೆರೆಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ದವಡೆಯ ಸ್ನಾಯುವಿಗೆ ಹಾಕುವುದು ಬಹುತೇಕ ಕಡೆ ಔಷಧಿಯ ಲೇಬಲ್‌ನಲ್ಲಿ ಬರೆದ ಬಳಕೆಯಲ್ಲ, ವೈದ್ಯರು ಅನುಭವದ ಮೇಲೆ ಮಾಡುವುದು. ಈ ಮಾತನ್ನು ಹಾಕುವ ಮುಂಚೆಯೇ ಹೇಳಬೇಕು. ಬಸುರಿಯರಿಗೆ, ಹಾಲುಣಿಸುವವರಿಗೆ, ಮಯಸ್ತೇನಿಯಾದಂಥ ನರ-ಸ್ನಾಯು ಕಾಯಿಲೆ ಇರುವವರಿಗೆ ನಾನು ಹಾಕುವುದಿಲ್ಲ.

ನನ್ನ ಮುಖಕ್ಕೆ ನಾನೇ ಚುಚ್ಚಿಕೊಳ್ಳಲಿಲ್ಲ. ಜನವರಿ ಮೊದಲ ವಾರ ಬೆಂಗಳೂರಿನಲ್ಲಿ ನನ್ನ ಕ್ಲಾಸ್‌ಮೇಟ್ ಒಬ್ಬರ ಹತ್ತಿರ ಹೋದೆ. ಕಿವಿಯ ಹಾಲೆಯಿಂದ ಬಾಯಿಯ ಮೂಲೆಗೆ ಬಿಳಿ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದರು. ಸೂಜಿ ಈ ಗೆರೆ ದಾಟಿ ಮೇಲಕ್ಕೆ ಹೋಗಬಾರದು. ಹಲ್ಲು ಕಚ್ಚಿಸಿ ಸ್ನಾಯುವಿನ ಮುಂದಿನ ಅಂಚು, ಹಿಂದಿನ ಅಂಚು ಗುರುತು ಮಾಡಿದರು. ಒಳಗೆ ಮೂರು ಚುಕ್ಕೆ, ಅಂಚಿನಿಂದ ಒಂದೊಂದು ಸೆಂಟಿಮೀಟರ್ ದೂರ. 100 ಯೂನಿಟ್‌ನ ಬಾಟಲಿ ನನ್ನ ಕಣ್ಣೆದುರೇ ತೆಗೆದು, 2.5 ಮಿ.ಲೀ. ಸಲೈನ್ ಬೆರೆಸಿದರು. ಒಂದೊಂದು ಚುಕ್ಕೆಗೆ 8 ಯೂನಿಟ್, ಅಂದರೆ 0.2 ಮಿ.ಲೀ. ಒಂದು ಕಡೆಗೆ 24 ಯೂನಿಟ್. ಸೂಜಿ ಮೂಳೆ ಮುಟ್ಟಿತು ಅನ್ನುವಾಗ ನಿಲ್ಲಿಸಿ ಬಿಡುತ್ತಿದ್ದರು. ಐದು ನಿಮಿಷದ ಕೆಲಸ. ಹೈಫುಗೆ ಹೋಲಿಸಿದರೆ ನೋವೇ ಇಲ್ಲ.

ನೀವು ಹಾಕಿಸಿಕೊಳ್ಳುವುದಾದರೆ ಕಂಪನಿ ಯಾವುದು, ಎಷ್ಟು ಯೂನಿಟ್ ಅಂತ ಕೇಳಿ ಬರೆದುಕೊಳ್ಳಿ. ಒಂದು ಕಂಪನಿಯ ಯೂನಿಟ್ ಇನ್ನೊಂದರದ್ದಕ್ಕೆ ಸಮ ಅಲ್ಲ.

ವಾರ ಕಳೆದ ಮೇಲೆ ಸಂಕ್ರಾಂತಿ. ಎಳ್ಳು-ಬೆಲ್ಲದಲ್ಲಿ ಕೊಬ್ಬರಿ ತುಂಡು ಅಗಿಯುತ್ತಿದ್ದಾಗ ದವಡೆ ಸುಸ್ತಾಯಿತು. ನೋವಲ್ಲ, ದೂರ ನಡೆದು ಕಾಲು ಸೋತ ಹಾಗೆ. ಕಬ್ಬು ಬಾಯಿಗೆ ಇಡಲು ಆಗಲಿಲ್ಲ. ಅಂದರೆ ಔಷಧಿ ಹಿಡಿದಿತ್ತು. ನರ ಸ್ನಾಯುವಿಗೆ ಕಳಿಸುವ ಸಂದೇಶವನ್ನು ಟಾಕ್ಸಿನ್ ತಡೆಯುತ್ತದೆ. ದುಡಿಯದ ಸ್ನಾಯು ನಿಧಾನವಾಗಿ ಸೊರಗುತ್ತದೆ. ಬಲ ಕಡಿಮೆಯಾಗುವುದು ಒಂದೆರಡು ವಾರದಲ್ಲಿ. ಮುಖ ತೆಳ್ಳಗೆ ಕಾಣಲು ಆರು ವಾರದಿಂದ ಮೂರು ತಿಂಗಳು ಬೇಕು. ಮದುವೆಗೆ ಮೂರು ವಾರ ಇದೆ ಅಂತ ಬರುವ ಹುಡುಗಿಯರಿಗೆ ನಾನು ಬೇಡ ಅನ್ನುವುದು ಇದಕ್ಕೇ.

ಎರಡನೇ ವಾರ ಒಂದು ತೊಂದರೆ ಆಯಿತು. ನಕ್ಕರೆ ಬಾಯಿಯ ಬಲ ಮೂಲೆ ಪೂರ್ತಿ ಮೇಲೆ ಹೋಗುತ್ತಿರಲಿಲ್ಲ. ಔಷಧಿ ಮುಂದಕ್ಕೆ ಹರಡಿ ನಗುವಿನ ಸಣ್ಣ ಸ್ನಾಯುವಿಗೆ ತಾಗಿತ್ತು. ಗೊತ್ತಿರುವ ಅಡ್ಡ ಪರಿಣಾಮ, ರೋಗಿಗಳಿಗೆ ನಾನೇ ಎಷ್ಟೋ ಸಲ ವಿವರಿಸಿದ್ದು. ಆದರೂ ದಿನಕ್ಕೆ ನಲವತ್ತು ಜನರ ಮುಂದೆ ಕೂತು ಸೊಟ್ಟ ನಗು ನಗುವುದು ಕಷ್ಟ. ಬಿಡಿಸಲು ಔಷಧಿ ಇಲ್ಲ, ತಾನಾಗೇ ಇಳಿಯಬೇಕು. ಏಳು ವಾರಕ್ಕೆ ಸರಿಹೋಯಿತು. ಈಗ ಆ ಸಾಲನ್ನು ರೋಗಿಗಳಿಗೆ ಹೇಳುವಾಗ ಓಡಿಸುವುದಿಲ್ಲ. ನಗುವುದೇ ಕೆಲಸವಾದವರಿಗೆ, ಟೀಚರ್, ಹಾಡುವವರು, ಅಂಗಡಿ ಕೌಂಟರ್‌ನಲ್ಲಿ ನಿಲ್ಲುವವರಿಗೆ, ಎರಡು ಸಲ ಹೇಳುತ್ತೇನೆ.

ಮಾರ್ಚ್ ಕೊನೆಗೆ ಚೌಕ ಹೋಗಿ ಕಿವಿಯಿಂದ ಗದ್ದದವರೆಗೆ ಗೆರೆ ಇಳಿದು ಬಂದಿತ್ತು. ಹಲ್ಲು ಕಡಿದು ಬರುತ್ತಿದ್ದ ಬೆಳಗಿನ ತಲೆನೋವೂ ಕಡಿಮೆ. ನಿಜ ಹೇಳಬೇಕೆಂದರೆ ಅದೇ ನನಗೆ ದೊಡ್ಡ ಲಾಭ. ಆದರೆ ಬಾಯಿಯ ಎರಡೂ ಪಕ್ಕ ಕೆಳಗೆ, ಮೊದಲು ಕಾಣದಿದ್ದ ಸಣ್ಣ ಜೋಲು ಕಂಡಿತು. ನನಗೆ 44. ಈ ವಯಸ್ಸಿನಲ್ಲಿ ದಪ್ಪ ಸ್ನಾಯು ಮೇಲಿನ ಚರ್ಮವನ್ನು ಹಿಡಿದು ನಿಲ್ಲಿಸಿರುತ್ತದೆ. ಅದು ಸಣ್ಣಗಾದಾಗ ಚರ್ಮ ಇಳಿಯುತ್ತದೆ. ಐವತ್ತು ದಾಟಿದವರಿಗೆ ಮಾಸೆಟರ್‌ಗೆ ಹಾಕಲು ನಾನು ಹಿಂಜರಿಯುವುದು ಇದರಿಂದಲೇ.

ಜೋಲಿಗೆ ಫಿಲ್ಲರ್ ಹಾಕೋಣ ಅಂದರು ಕ್ಲಾಸ್‌ಮೇಟ್. ಚರ್ಮದ ಕೆಳಗೆ ತುಂಬುವ ಹೈಲುರಾನಿಕ್ ಆಸಿಡ್ ಜೆಲ್ ಅದು. ದವಡೆ ಗೆರೆಗೆಂದೇ ಗಟ್ಟಿಯಾದ ಒಂದು ಜೆಲ್‌ಗೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿದೆ. ಗದ್ದ ಹಿಂದಿರುವವರಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ನಾನೂ ಹಾಕುತ್ತೇನೆ. ಆದರೆ ಹಲ್ಲು ಕಚ್ಚಿ ಮಾಸೆಟರ್‌ನ ಮುಂದಿನ ಅಂಚಿನಲ್ಲಿ, ದವಡೆ ಮೂಳೆಯ ಮೇಲೆ ಹಗುರವಾಗಿ ಬೆರಳಿಡಿ. ನಾಡಿ ಬಡಿಯುವುದು ಗೊತ್ತಾಗುತ್ತದೆ. ಮುಖದ ಮುಖ್ಯ ರಕ್ತನಾಳ ಅಲ್ಲೇ ಮೂಳೆ ದಾಟಿ ಮೇಲೆ ಹೋಗುತ್ತದೆ. ಜೆಲ್ ಅದರೊಳಗೆ ಹೋದರೆ ಚರ್ಮ ಬಿಳಿಚಿ, ಬಲೆಯ ಹಾಗೆ ನೀಲಿ ಗೆರೆ ಮೂಡಿ, ರಕ್ತವಿಲ್ಲದೆ ಸಾಯುತ್ತದೆ. ಅದನ್ನು ಕರಗಿಸುವ ಹೈಲುರಾನಿಡೇಸ್ ಔಷಧಿ ಇದೆ, ತಡಮಾಡದೆ ಕೊಡಬೇಕು. ಅದು ನನ್ನ ಫ್ರಿಜ್‌ನಲ್ಲಿ ಇಲ್ಲದ ದಿನ ನಾನು ಫಿಲ್ಲರ್ ಸೂಜಿ ಮುಟ್ಟುವುದಿಲ್ಲ. ಪಾರ್ಲರ್‌ನಲ್ಲಿ, ಹೋಟೆಲ್ ರೂಮಿನಲ್ಲಿ ಹಾಕಿಸಿಕೊಂಡು ಬರುವವರನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ನಾನು ಫಿಲ್ಲರ್ ಬೇಡ ಅಂದೆ. ಆ ಸಣ್ಣ ಜೋಲು ನನಗೆ ತೊಂದರೆ ಅನಿಸಲಿಲ್ಲ.

ಗದ್ದದ ಕೆಳಗಿನ ಕೊಬ್ಬು ನನಗೆ ಇರಲಿಲ್ಲ, ಆದರೆ ಜನ ಹೆಚ್ಚು ಕೇಳುವುದು ಅದನ್ನೇ. ಡಿಆಕ್ಸಿಕೋಲಿಕ್ ಆಸಿಡ್ ಅಂತ ಇಂಜೆಕ್ಷನ್ ಇದೆ. ನಮ್ಮ ಪಿತ್ತರಸದಲ್ಲೇ ಇರುವಂಥದ್ದು, ಕೊಬ್ಬಿನ ಜೀವಕೋಶ ಒಡೆಯುತ್ತದೆ. 2015ರಲ್ಲಿ ಅಮೆರಿಕ ಒಪ್ಪಿದ್ದು ಗದ್ದದ ಕೆಳಗಿನ ಕೊಬ್ಬಿಗೆ ಮಾತ್ರ. ತಿಂಗಳಿಗೊಂದರ ಹಾಗೆ ಹೆಚ್ಚೆಂದರೆ ಆರು ಸಲ. ಮೊದಲ ವಾರ ಕುತ್ತಿಗೆ ಕಪ್ಪೆಯ ಗಂಟಲಿನ ಹಾಗೆ ಊದುತ್ತದೆ, ರಜೆ ಹಾಕದೆ ಆಗುವುದಿಲ್ಲ. ಕೊಬ್ಬು ಜಾಸ್ತಿ ಇದ್ದರೆ ಅದನ್ನು ಹೀರಿ ತೆಗೆಯುವ ಲೈಪೋಸಕ್ಷನ್ ಒಂದೇ ಸಲಕ್ಕೆ ಮುಗಿಯುತ್ತದೆ, ಅದಕ್ಕೆ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಕಳಿಸುತ್ತೇನೆ. 2022ರಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವನಟಿಯೊಬ್ಬರು ಕೊಬ್ಬು ತೆಗೆಸಲು ಹೋಗಿ ತೀರಿಕೊಂಡ ಮೇಲೆ, ಮಕ್ಕಳ ಜೊತೆ ಬರುವ ಅಮ್ಮಂದಿರು ಭಯದಿಂದ ಕೇಳುತ್ತಾರೆ. ಅರಿವಳಿಕೆ ತಜ್ಞರು ಇದ್ದಾರಾ, ಐಸಿಯು ಇದೆಯಾ ಅಂತ ಮೊದಲೇ ಕೇಳಿ, ಕೇಳಲು ಸಂಕೋಚ ಬೇಡ ಅನ್ನುತ್ತೇನೆ.

ಹುಡುಗರು ಈಗ ದವಡೆ ಎದ್ದು ಕಾಣಲಿ ಅಂತ ರಬ್ಬರ್ ಚೆಂಡು, ಗಟ್ಟಿ ಗಮ್ ಅಗಿಯುತ್ತಾರೆ. ಅದರಿಂದ ಬೆಳೆಯುವುದು ನನಗೆ ಬೆಳೆದಿದ್ದ ಅದೇ ಸ್ನಾಯು. ಪಿಯುಸಿ ಓದುವ ಹುಡುಗನೊಬ್ಬ ಕಿವಿ ಮುಂದೆ ಕಟಕಟ ಸದ್ದು, ನೋವು ಅಂತ ಬಂದ. ಚೆಂಡು ಬಿಡಿಸಿ ಮೆತ್ತಗಿನ ಊಟ ಹೇಳಿದೆ. ತಿಂಗಳಲ್ಲಿ ನೋವು ಹೋಯಿತು.

ಜುಲೈ ಹೊತ್ತಿಗೆ ನಾನು ರಾತ್ರಿ ಹಲ್ಲು ಕಡಿಯುವ ಸದ್ದು ವಾಪಸ್ ಬಂತು. ಎರಡನೇ ಸಲ ಗೌರಿ ಹಬ್ಬ ಕಳೆದು ಚಕ್ಕುಲಿ ಡಬ್ಬಿ ಖಾಲಿ ಆದ ಮೇಲೆ ಹಾಕಿಸಿಕೊಂಡೆ. ಬಲಗಡೆ 20 ಯೂನಿಟ್, ಮುಂದಿನ ಚುಕ್ಕೆ ಅರ್ಧ ಸೆಂಟಿಮೀಟರ್ ಹಿಂದಕ್ಕೆ. ಈ ಸಲ ನಗು ನೆಟ್ಟಗೇ ಉಳಿಯಿತು.