ಮಧುನಾಶಿನಿ ನೆಟ್ಟಿದ್ದೀರಾ? ಹಾಗಾದ್ರೆ ಇಷ್ಟು ಗೊತ್ತಿರ್ಲಿ

ನಮ್ಮ ಶಿರಸಿ ಕಡೆ ಈಗ ಯಾರ ಹಿತ್ಲಿಗೆ ಹೋದ್ರೂ ಬೇಲಿ ಮೇಲೆ ಮಧುನಾಶಿನಿ ಬಳ್ಳಿ, ಮನೇಲೊಬ್ರಿಗೆ ಶುಗರ್ ಅಂದ್ರೆ ಪಕ್ಕದ್ಮನೆಯವ್ರು ಒಂದು ಗೆಲ್ಲು ಮುರ್ದು ಕೊಟ್ಟೇ ಕೊಡ್ತಾರೆ. ಒಳ್ಳೇದೇ. ಆದ್ರೆ ನನ್ನ ಕೇಳಿದ್ರೆ ಇದ್ರ ದೊಡ್ಡ ಉಪಕಾರ ನಾಲಿಗೆಗೆ, ರಕ್ತದ ಮಾತು ಆಮೇಲೆ.

ಒಂದೆಲೆ ತೊಳ್ದು ಬಾಯಿಗೆ ಹಾಕಿ ಚೆನ್ನಾಗಿ ಅಗೀರಿ, ಕಹಿ ಇರತ್ತೆ, ನಾಲಿಗೆಗೆಲ್ಲ ತಾಗೋ ಹಾಗೆ ಸ್ವಲ್ಪ ಹೊತ್ತು ಆಡ್ಸಿ, ಆಮೇಲೆ ಚಿಟಿಕೆ ಸಕ್ಕರೆ ಹಾಕ್ಕೊಳ್ಳಿ, ಮರಳು ಅಗ್ದಂಗೇ. ತೊಡೆದೇವು ತಿಂದ್ರೆ ತುಪ್ಪದ ಘಮ ಬರತ್ತೆ, ಬೆಲ್ಲ ಎಲ್ಲೋಯ್ತು ಅನ್ಸತ್ತೆ. ಉಪ್ಪು ಹುಳಿ ಎಲ್ಲ ಗೊತ್ತಾಗತ್ತೆ, ಸಿಹಿ ಒಂದೇ ಮಾಯ. ಎಲೆಯಲ್ಲಿರೋ ಜಿಮ್ನೆಮಿಕ್ ಆಸಿಡ್ ನಾಲಿಗೆ ಮೇಲೆ ಸಿಹಿ ಹಿಡಿಯೋ ಜಾಗಾನ ಅಡ್ಡಗಟ್ಟತ್ತೆ, ಅರ್ಧ ಗಂಟೆ, ಕೆಲವ್ರಿಗೆ ಒಂದು ಗಂಟೆವರೆಗೂ. ಮದ್ವೆ ಮನೇಲಿ ಪಂಕ್ತಿಗೆ ಕೂರೋ ಮುಂಚೆ ಅಗ್ದ್ರೆ ಹೋಳಿಗೆ ಎರಡ್ನೇ ಸಲ ಬಂದಾಗ ಕೈ ಅಡ್ಡ ಹಿಡಿಯೋದು ಸುಲಭ. ಎಲೆ ಅಗೀದೆ ಮಾತ್ರೆ ಥರ ನುಂಗಿದ್ರೆ ಈ ಗುಣ ಸಿಗೋದಿಲ್ಲ.

ಬಾಯಿಗೆ ಸಿಹಿ ಹತ್ಲಿಲ್ಲ ಅಂದ್ರೆ ಹೊಟ್ಟೆಗೆ ಸಕ್ಕರೆ ಹೋಗ್ಲಿಲ್ಲ ಅಂತಲ್ಲ ಮತ್ತೆ! ಡಾಕ್ಟರು ಕೊಟ್ಟ ಗುಳಿಗೆ ಬಿಟ್ಟು ಇದನ್ನ ಹಿಡಿಯೋದು ಬೇಡ್ವೇ ಬೇಡ. ಗುಳಿಗೆ, ಇನ್ಸುಲಿನ್ ತಗೊಳ್ಳೋರು ದಿನಾ ಕಷಾಯ, ಪುಡಿ ಅಂತ ಶುರು ಮಾಡೋದಾದ್ರೆ ಮೊದ್ಲು ಡಾಕ್ಟರಿಗೆ ಹೇಳಿ, ಯಾಕಂದ್ರೆ ಎರಡೂ ಸೇರಿ ಶುಗರ್ ಜಾಸ್ತಿ ಇಳಿದ್ರೆ ಬೆವರು, ಕೈ ನಡುಕ, ತಲೆ ತಿರುಗೋದು ಎಲ್ಲ ಬರತ್ತೆ. ಆವಾಗ ಸಕ್ಕರೆ ನೀರು ಕುಡೀಲೇಬೇಕು, ಎಲೆ ಅಗ್ದಿದ್ರೆ ಅದೂ ಸಪ್ಪೆ ಅನ್ಸತ್ತೆ, ಹಾಕೇ ಇಲ್ಲ ಅಂತ ಲೋಟ ಇಡ್ಬೇಡಿ, ಪೂರ್ತಿ ಕುಡೀರಿ. ಬಸುರಿ, ಬಾಣಂತಿಯರಿಗೆ ಇದು ಬೇಡ.

ಬೆಟ್ಟದಲ್ಲಿ ಸಿಕ್ಕ ಬಳ್ಳಿನೆಲ್ಲ ಅಗ್ದು ಪರೀಕ್ಷೆ ಮಾಡೋಕೆ ಹೋಗ್ಬೇಡಿ, ಗೊತ್ತಿದ್ದೋರಿಗೆ ತೋರ್ಸಿ. ಎಲೆ ಎದುರು-ಬದುರು ಜೋಡಿಯಾಗಿರತ್ತೆ, ಮುಟ್ಟಿದ್ರೆ ಸಣ್ಣ ರೋಮ ತಾಗತ್ತೆ, ಹೂವು ಹಳದಿ, ಚಿಕ್ಕದು. ಗೆಲ್ಲು ನೆಡೋಕೆ ಮಳೆಗಾಲದ ಶುರು ಒಳ್ಳೇದು, ಬುಡದಲ್ಲಿ ನೀರು ನಿಲ್ಬಾರ್ದು, ಹಬ್ಬೋಕೆ ಬೇಲಿನೋ ಚಪ್ಪರನೋ ಸಾಕು.

ಒಣಗ್ಸೋದು ದೀಪಾವಳಿ ಆದ್ಮೇಲೆ, ಗೆರಸಿ ಮೇಲೆ ತೆಳ್ಳಗೆ ಹರವಿ, ನೆರಳಲ್ಲಿ. ಕುಮಟಾ, ಅಂಕೋಲಾ ಕಡೆಯವ್ರಿಗೆ ಸಮುದ್ರದ ಹವೆ ಬೇರೆ, ಎಲೆ ಕೈಯಲ್ಲಿ ಹಿಡಿದ್ರೆ ಪಟ್ ಅಂತ ಮುರೀಬೇಕು, ಬಗ್ಗಿದ್ರೆ ಡಬ್ಬಿಗೆ ತುಂಬ್ಬೇಡಿ. ಬೂಸ್ಟು ವಾಸ್ನೆ ಬಂದಿದ್ದು ಸೀದಾ ಗೊಬ್ಬರಗುಂಡಿಗೆ.