ಲಗ್ನಪತ್ರಿಕೆಯ ಫೋಟೊ ಮಂಕಾಗುವುದು ಎಲ್ಲಿ?

ಮದುವೆಯ ಕಾಲ ಬಂತೆಂದರೆ ನನ್ನ ಡಿಟಿಪಿ ಅಂಗಡಿಯ ಮೊಬೈಲಿಗೆ ಬಿಡುವಿಲ್ಲ. ವಧೂವರರ ಫೋಟೊ, ಮನೆದೇವರ ಪಟ, ನೆಂಟರ ಮನೆಯ ಹಳೆಯ ಪತ್ರಿಕೆ, ಎಲ್ಲವೂ ವಾಟ್ಸ್ಆ್ಯಪ್‌ನಲ್ಲೇ ಬಂದು ಬೀಳುತ್ತವೆ. ತೆರೆಯ ಮೇಲೆ ಚೆನ್ನಾಗಿ ಕಂಡದ್ದು ಕಾಗದದ ಮೇಲೆ ಏಕೆ ಮಂಕಾಯಿತು ಎಂದು ಕೇಳದ ಗಿರಾಕಿ ಅಪರೂಪ. ಬಹುಪಾಲು ಸಲ ಚಿತ್ರ ಕೆಟ್ಟಿರುವುದು ನನ್ನ ಅಂಗಡಿಗೆ ಬರುವ ದಾರಿಯಲ್ಲೇ.

ಫೋಟೊ ಬಂದ ಕೂಡಲೇ ನಾನು ಪಿಕ್ಸೆಲ್, ಅಂದರೆ ಚಿತ್ರವನ್ನು ಕಟ್ಟುವ ಬಣ್ಣದ ಚುಕ್ಕೆಗಳ ಲೆಕ್ಕ ನೋಡುತ್ತೇನೆ. ಐದು ಇಂಚು ಅಗಲ, ಏಳು ಇಂಚು ಎತ್ತರದ ಕಾರ್ಡನ್ನು ತುಂಬುವ ಚಿತ್ರಕ್ಕೆ ಇಂಚಿಗೆ 300ರಂತೆ 1500 × 2100 ಪಿಕ್ಸೆಲ್ ಬೇಕು. 12 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 4000 × 3000 ಇರುತ್ತದೆ, ಧಾರಾಳವಾಯಿತು. ಆದರೆ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದೇ ಕಳುಹಿಸಿದರೆ ಅದು ಚಿತ್ರವನ್ನು ಕುಗ್ಗಿಸಿ, ಹಿಂಡಿ ಕಳುಹಿಸುತ್ತದೆ. ಹಾಗೆ ಬಂದ ಗುಂಪು ಫೋಟೊದಿಂದ ‘ನಮ್ಮ ಹುಡುಗನೊಬ್ಬನನ್ನೇ ತೆಗೆದು ಹಾಕಿ’ ಎಂದರೆ ಮುಖದ ಪಾಲಿಗೆ ಉಳಿಯುವುದು ಅಂಗೈಯಗಲದ ಚಿತ್ರಕ್ಕೂ ಸಾಲದು. ಅದಕ್ಕೇ ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ: “ಅಕ್ಕಾ, ಕ್ಲಿಪ್ಪಿನ ಗುರುತು ಒತ್ತಿ, ‘ಡಾಕ್ಯುಮೆಂಟ್’ ಆರಿಸಿ, ಅಲ್ಲಿಂದ ಫೋಟೊ ಕಳುಹಿಸಿ.” ಹಾಗೆ ಕಳುಹಿಸಿದರೆ ಮೂಲ ಫೈಲು ಇದ್ದ ಹಾಗೆಯೇ ಬರುತ್ತದೆ. ಅದರೊಂದಿಗೆ ಫೋಟೊ ತೆಗೆದ ದಿನಾಂಕವೂ ಕೆಲವೊಮ್ಮೆ ಸ್ಥಳದ ವಿವರವೂ ಬರುತ್ತವೆ. ಆದ್ದರಿಂದ ಗುರುತಿಲ್ಲದವರಿಗೆ ಮನೆಯ, ಮಕ್ಕಳ ಚಿತ್ರಗಳನ್ನು ಹೀಗೆ ಕಳುಹಿಸಬೇಡಿ ಎಂದೂ ಸೇರಿಸುತ್ತೇನೆ. ಸ್ಟೇಟಸ್‌ನಿಂದ ತೆಗೆದ ಸ್ಕ್ರೀನ್‌ಶಾಟನ್ನು ಮಾತ್ರ ನಾನು ಮುಟ್ಟುವುದಿಲ್ಲ.

ಇನ್ನು ಚಿತ್ರದ ಫೈಲುಗಳ ಬಗೆಗಳ ವಿಚಾರ. ಕ್ಯಾಮೆರಾ ಫೋಟೊಗಳು ಸಾಮಾನ್ಯವಾಗಿ ಜೆಪೆಗ್ (ಹೆಸರಿನ ಕೊನೆಯಲ್ಲಿ .jpg). 1992ರಷ್ಟು ಹಳೆಯ ಈ ಪದ್ಧತಿ ಚಿತ್ರವನ್ನು ಎಂಟೆಂಟು ಪಿಕ್ಸೆಲ್‌ಗಳ ಚೌಕಗಳಾಗಿ ವಿಂಗಡಿಸಿ, ಕಣ್ಣು ಗಮನಿಸದ ಸೂಕ್ಷ್ಮಗಳನ್ನು ಕೈಬಿಡುತ್ತದೆ. ಮುಖಕ್ಕೆ, ಸೀರೆಗೆ, ಹಸಿರು ಗದ್ದೆಗೆ ಇದು ಚೆನ್ನ. ಅಕ್ಷರಕ್ಕೆ ಬಂದಾಗಲೇ ತೊಂದರೆ. ಹಳೆಯ ಪತ್ರಿಕೆಯ ಜೆಪೆಗ್ ಒಂದನ್ನು ಹಿಗ್ಗಿಸಿ ‘ಜ್ಯೇಷ್ಠ ಪುತ್ರ’ ಎಂಬಲ್ಲಿ ನೋಡಿ. ಅಕ್ಷರದ ಅಂಚಿನ ಸುತ್ತ ಬೂದು ಬಣ್ಣದ ಪುಡಿ ಉದುರಿದಂತೆ ಕಾಣುತ್ತದೆ. ಠಕಾರದ ಒತ್ತಿನೊಳಗಿನ ಚುಕ್ಕೆ ಆ ಪುಡಿಯಲ್ಲಿ ಕಲಸಿಹೋಗಿರುತ್ತದೆ. ಇಂಗ್ಲಿಷ್ ಅಕ್ಷರ ಹೇಗೋ ತಾಳಿಕೊಳ್ಳುತ್ತದೆ, ಒತ್ತು ಕೊಂಬುಗಳ ಕನ್ನಡ ತಾಳದು. ಜೆಪೆಗ್ಗನ್ನು ತಿದ್ದಿ ಮತ್ತೆ ಮತ್ತೆ ಸೇವ್ ಮಾಡಿದಂತೆಲ್ಲ ಈ ಪುಡಿ ಹೆಚ್ಚುತ್ತದೆ.

ಅಕ್ಷರ, ಲಾಂಛನ, ಗೆರೆಚಿತ್ರಗಳಿಗೆ ನಾನು ಪಿಎನ್‌ಜಿ (.png) ಎಂಬ ಬಗೆಯನ್ನು ಬಳಸುತ್ತೇನೆ. ಅದು ಏನನ್ನೂ ಕೈಬಿಡುವುದಿಲ್ಲ, ಫೈಲು ದಪ್ಪವಾಗುತ್ತದೆ ಅಷ್ಟೆ. ಜೊತೆಗೆ ಹಿನ್ನೆಲೆಯನ್ನು ಪಾರದರ್ಶಕವಾಗಿ ಇಡಬಹುದು: ಕುಂಕುಮ ಬಣ್ಣದ ಕಾರ್ಡಿನ ತಲೆಯ ಮೇಲೆ ಗಣಪತಿಯನ್ನು ಕೂರಿಸಿದರೆ ಸುತ್ತ ಬಿಳಿ ಚೌಕ ಬರುವುದಿಲ್ಲ. ಅಂತರ್ಜಾಲದಲ್ಲಿ ಪಿಎನ್‌ಜಿ ಎಂಬ ಹೆಸರಿನಲ್ಲಿ ಸಿಗುವ ಎಷ್ಟೋ ಗಣಪತಿಗಳ ಹಿಂದೆ ಬೂದು-ಬಿಳಿ ಚೌಕಳಿಯೇ ಅಚ್ಚಾಗಿರುತ್ತದೆ. ಅವು ಪಿಎನ್‌ಜಿಯ ವೇಷ ತೊಟ್ಟ ಬರೀ ಫೋಟೊಗಳು. ಫೈಲಿನ ಹೆಸರಿನ ಬಾಲ ಬದಲಿಸಿದ ಮಾತ್ರಕ್ಕೆ ಜೆಪೆಗ್ ಪಿಎನ್‌ಜಿ ಆಗುವುದೂ ಇಲ್ಲ.

ಚಲಿಸುವ ಚಿತ್ರಗಳಿಗೆ ಬಳಸುವ ಜಿಫ್‌ನಲ್ಲಿ ಒಂದು ಚೌಕಟ್ಟಿಗೆ 256 ಬಣ್ಣಗಳಷ್ಟೇ. ದೀಪ ಮಿನುಗಿಸುವ ಶುಭಾಶಯಕ್ಕೆ ಸರಿ, ಮುದ್ರಣಕ್ಕೆ ಬೇಡ. ಐಫೋನಿನವರು ಕಳುಹಿಸುವ ಎಚ್ಇಐಸಿ ಎಂಬ ಬಗೆಯ ಫೋಟೊ ನನ್ನ ಹಳೆಯ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ. ಕ್ಯಾಮೆರಾ ಸೆಟ್ಟಿಂಗ್‌ನ ಫಾರ್ಮ್ಯಾಟ್‌ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದರೆ ಮುಂದಿನ ಫೋಟೊಗಳು ಜೆಪೆಗ್ ಆಗಿ ಉಳಿಯುತ್ತವೆ.

ಚಿತ್ರಕ್ಕಿಂತ ನನಗೆ ಹೆಚ್ಚು ತಲೆನೋವು ಕೊಡುವುದು ಒಕ್ಕಣೆ. ಹೆಸರುಗಳನ್ನು ಧ್ವನಿ ಸಂದೇಶದಲ್ಲಿ ಕಳುಹಿಸಿದರೆ ನಾನು ಕೆಲಸ ಶುರುಮಾಡುವುದಿಲ್ಲ. ಲತಾ ಎಂಬ ಹೆಸರಿಗೆ ದೀರ್ಘವೋ ಹ್ರಸ್ವವೋ, ವಿಶ್ವನಾಥನಿಗೆ ಥಕಾರವೋ ತಕಾರವೋ ಎಂಬುದನ್ನು ಮನೆಯವರೇ ಬರೆದು ತಿಳಿಸಬೇಕು. ಅದೂ ಯೂನಿಕೋಡ್‌ನಲ್ಲಿ, ಅಂದರೆ ಮೊಬೈಲಿನ ಕನ್ನಡ ಕೀಲಿಮಣೆಯಲ್ಲಿ ಬರುವಂಥ, ಎಲ್ಲ ಕಡೆಯೂ ಓದಬಲ್ಲ ಅಕ್ಷರದಲ್ಲಿ. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿದ ಫೈಲು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ದೊಡ್ಡ ಫೈಲುಗಳಿದ್ದರೆ ಇಮೇಲ್ ವಾಸಿ. ಜಿಮೇಲ್‌ನಲ್ಲಿ ಲಗತ್ತಿನ ಮಿತಿ 25 ಎಂಬಿ. ಅದಕ್ಕೂ ಮಿಕ್ಕಿದರೆ ಗೂಗಲ್ ಡ್ರೈವ್‌ಗೆ ಹಾಕಿ ಕೊಂಡಿ ಕಳುಹಿಸಬಹುದು, ತೆರೆಯುವ ಅನುಮತಿಯನ್ನೂ ಕೊಟ್ಟಿರಬೇಕು. ವಿಷಯದ ಸಾಲನ್ನು ಖಾಲಿ ಬಿಡದೆ ವಧೂವರರ ಹೆಸರು, ಮುಹೂರ್ತದ ದಿನಾಂಕ ಬರೆದರೆ ಹುಡುಕುವುದು ಸುಲಭ.

ಕರಡನ್ನು ಪಿಡಿಎಫ್ ಮಾಡಿ ಕಳುಹಿಸುತ್ತೇನೆ. ಫಾಂಟು ಅದರೊಳಗೇ ಅಡಕವಾಗಿರುವುದರಿಂದ ಎಲ್ಲಿ ತೆರೆದರೂ ಅಕ್ಷರ ಕದಲುವುದಿಲ್ಲ. ಆದರೆ ಕುಟುಂಬದ ಗುಂಪಿಗೆ ಹಾಕುವುದಿಲ್ಲ. ಅಲ್ಲಿ ದೊಡ್ಡಪ್ಪ ಒಂದು ತಿದ್ದಿದರೆ ಸೋದರಮಾವ ಅದನ್ನೇ ತಿರುಗಿ ತಿದ್ದುತ್ತಾರೆ. ಮನೆಯವರೇ ಒಬ್ಬರನ್ನು ಗೊತ್ತುಮಾಡಬೇಕು, ನಾನು ಅವರಿಗಷ್ಟೇ ಕಳುಹಿಸುತ್ತೇನೆ. ಹೆಬ್ಬೆರಳಿನ ಚಿತ್ರವನ್ನು ಒಪ್ಪಿಗೆ ಎಂದು ಎಣಿಸುವುದಿಲ್ಲ. ‘ಓದಿ ನೋಡಿದ್ದೇನೆ, ಮುದ್ರಿಸಿ’ ಎಂದು ಅವರು ಬರೆದ ಮೇಲೆಯೇ ಫೈಲು ಪ್ರೆಸ್ಸಿಗೆ ಹೋಗುತ್ತದೆ.